ಏಳನೆಯ ಪೈಸೆ

ಯಲಹಂಕ ಬಸ್ಸಿನ ಆ ಕಂಡಕ್ಟರು ಬಾಯಿ ತೆರೆದರೆ "ಚಿಲ್ರೆ ಕೊಡಿ ಸ್ವಾಮಿ" ಎನ್ನುತ್ತಿದ್ದರು. ಸರ್ಕಾರ ಆಣೆ ನಿಲ್ಲಿಸಿ ನಯಾಪೈಸೆ ತಂದ ಹೊಸತರಲ್ಲಿ ಒಂದಾಣೆಯ ಟಿಕೀಟು ಏಳು ಪೈಸೆಯಾಯಿತು.

"ಒಂದಾಣೆಗೆ ಆರೇ ಪೈಸೆ. ಏಳ್ನೇದು ಯಾರಪ್ಪನ್ ಮನೆಗೆ?" ಎಂದು ಹೆಬ್ಬಾಳದಲ್ಲಿ ಜನ ಬಸ್ಸು ಅಡ್ಡಗಟ್ಟಿ ಗಾಜು ಒಡೆದರು. ಡ್ರೈವರು ರಾಗಿ ಹೊಲಕ್ಕೆ ಓಡಿದ. ನಾವೆಲ್ಲ ಸೀಟಿನಡಿ ಸೇರಿದೆವು. ಫುಟ್‌ಬೋರ್ಡಿನ ಮೇಲೆ ನಿಂತೇ ಇದ್ದ ಕಂಡಕ್ಟರ ಮುಖಕ್ಕೆ, ಕೈಯಲ್ಲಿ ದಪ್ಪ ಕಲ್ಲು ಹಿಡಿದಿದ್ದವನೊಬ್ಬ ಒಂದು ನಯಾಪೈಸೆ ಎಸೆದ.

"ತಗೊಳ್ಳಯ್ಯ ನಿನ್ನ ಏಳ್ನೇದು!"

ಅವರು ಬಗ್ಗಿ ಅದನ್ನು ಆಯ್ದು, ಮಣ್ಣು ಊದಿ ಚೀಲಕ್ಕೆ ಹಾಕಿಕೊಂಡರು.

"ಇನ್ನಾರು ಕೊಟ್ಟು ಹತ್ತಿ ಸ್ವಾಮಿ. ಕಲ್ಲಿಗೆ ಲಗೇಜ್ ಚಾರ್ಜು ಬೇರೆ."

ಗುಂಪು ಗೊಳ್ಳೆಂದು ನಕ್ಕಿತು. ಅವನು ನಾಚಿ ಕಲ್ಲು ಕೆಳಗಿಟ್ಟು, ಜೇಬಿನಿಂದ ಐದು ರೂಪಾಯಿಯ ನೋಟು ತೆಗೆದ. ಕಂಡಕ್ಟರು ಬೆವೆತದ್ದು ಆಗಲೇ.

"ಚಿಲ್ರೆ ಕೊಡಿ ಸ್ವಾಮಿ!"