ಲಕಾನಿಕ್ ಮತ್ತು ನಮ್ಮಪ್ಪನ ಟವಲು

ಮೊನ್ನೆ ಶಿಡ್ಲಘಟ್ಟದಲ್ಲಿ ಬಸ್ಸಿಳಿದಾಗ ರೇಷ್ಮೆ ಗೂಡು ಬೇಯಿಸೋ ವಾಸನೆ ಗಪ್ಪಂತ ಮೂಗಿಗೆ ಹೊಡೀತು. ಮೊಮ್ಮಗಳು ಮೂಗು ಮುಚ್ಕೊಂಡಳು. ನನಗೋ, ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ನೆನಪಾದರು...

ಅರವತ್ತರ ದಶಕದ ಮಾತು. ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದರು. ಬಾಯಿ ಬೊಂಬಾಯಿ. ‘ಲಕಾನಿಕ್’ ಅಂದ್ರೆ ‘ಕಮ್ಮಿ ಮಾತಿನ’ ಅಂತ ಹೇಳೋಕೆ ಒಂದು ಪೀರಿಯಡ್ಡೇ ತಗೊಂಡರು ಪುಣ್ಯಾತ್ಮ! ಗ್ರೀಸ್ ದೇಶದಲ್ಲಿ ಲಕೋನಿಯಾ ಅನ್ನೋ ಸೀಮೆಯಂತೆ. ಅಲ್ಲಿನವರು ಮಾತಿನಲ್ಲಿ ಮಹಾ ಜಿಪುಣರು. ದಂಡೆತ್ತಿ ಬಂದ ರಾಜನೊಬ್ಬ, "ನಿಮ್ಮ ಸೀಮೆಗೆ ನುಗ್ಗಿದರೆ ಒಂದು ಮನೆಯೂ ಉಳಿಸಲ್ಲ" ಅಂತ ಹೇಳಿಕಳಿಸಿದನಂತೆ. ಅವರು ಕಳಿಸಿದ ಉತ್ತರ ಒಂದೇ ಪದ: "ನುಗ್ಗಿದರೆ." ಕೊನೆಗೆ ಸೀಮೆಯ ಹೆಸರೇ ಅಂಥ ಮಾತಿಗೂ ಅಂಟಿಕೊಂಡಿತಂತೆ. ನನಗೆ ತಕ್ಷಣ ನಮ್ಮಪ್ಪ ಕಣ್ಮುಂದೆ ಬಂದರು.

ಆ ಬೇಸಿಗೆಯಲ್ಲೇ ಅಪ್ಪ ನನ್ನ ಓದು ಬಿಡಿಸಿ ಮದುವೆ ಮಾಡೋಕೆ ಹೊರಟರು. ನಾನು ಅತ್ಕೊಂಡು ಮೇಷ್ಟ್ರಿಗೆ ಹೇಳಿದೆ. ಅವರು ಸಾದಲಿಯ ನಮ್ಮ ಮನೆಗೇ ಬಂದು, ಜಗಲಿ ಮೇಲೆ ಕೂತು, ಒಂದು ಗಂಟೆ ಭಾಷಣ ಬಿಗಿದರು.

"ಇವಳು ಪಾಸಾದ್ರೆ ಟೀಚರಾಗ್ತಾಳೆ ಗೌಡ್ರೇ!"

"ಪಾಸಾದ್ರೆ," ಅಂದರು ಅಪ್ಪ.

ಬಾಗಿಲ ಹಿಂದೆ ನನಗೆ ಅಳುವಿನಲ್ಲೂ ನಗು ಬಂತು. ಆಮೇಲೆ ಅಪ್ಪ ಹೆಗಲಿನ ಟವಲು ಕೈಮೇಲೆ ಹಾಕ್ಕೊಂಡು ಮೇಷ್ಟ್ರ ಕಡೆ ಚಾಚಿದರು. ನಮ್ಮಲ್ಲಿ ಗೂಡಿನ ವ್ಯಾಪಾರವೆಲ್ಲ ಹಾಗೇ. ಬಾಯಿ ಬಿಡದೆ, ಟವಲಿನೊಳಗೆ ಬೆರಳು ಹಿಡಿದೇ ದರ ಕುದುರಿಸೋದು. ಇನ್ನೆಷ್ಟು ವರ್ಷ ಓದಿಸಬೇಕು, ಅಷ್ಟು ಬೆರಳು ಹಿಡೀರಿ ಅಂತ ಅಪ್ಪನ ಅರ್ಥ. ಒಂದೋ ಎರಡೋ ಹಿಡೀತಾರೆ ಅಂದ್ಕೊಂಡಿದ್ದರಂತೆ. ಇದ್ಯಾವುದೂ ಗೊತ್ತಿಲ್ಲದ ಮೇಷ್ಟ್ರು, ಕೈಕುಲುಕೋಕೆ ಕರೀತಿದ್ದಾರೆ ಅಂತ ಐದೂ ಬೆರಳು ಬಾಚಿ ಹಿಡಿದು ಕುಲುಕಿದ್ದೇ ಕುಲುಕಿದ್ದು!

ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕ್ಕೊಂಡು, "ಆಯ್ತು" ಅಂದರು.

"ಐದು ವರ್ಷ ಕೇಳ್ಬಿಟ್ರು ಕಣಮ್ಮ, ಗಟ್ಟಿ ಆಸಾಮಿ," ಅಂತ ಆಮೇಲೆ ನನಗೆ ಹೇಳಿದರು. ಟವಲಿನೊಳಗೆ ಒಪ್ಪಿದ ಮಾತಿಗೆ ಅಪ್ಪ ಯಾವತ್ತೂ ತಪ್ಪಿದವರಲ್ಲ. ಐದು ವರ್ಷ ಓದಿದೆ, ಟೀಚರೂ ಆದೆ.

ಮೇಷ್ಟ್ರು ಮಾತ್ರ, "ನನ್ನ ಭಾಷಣಕ್ಕೆ ನಿಮ್ಮಪ್ಪ ಕರಗಿಹೋದ್ರು ಕಣಮ್ಮ," ಅಂತ ಕೊನೇವರೆಗೂ ಹೇಳ್ಕೊಂಡು ತಿರುಗಿದರು. ನಿಜ ಹೇಳೋಕೆ ನನಗೆ ಮನಸ್ಸೇ ಬರಲಿಲ್ಲ.

ಕಡೇ ಸಲ ನೋಡೋಕೆ ಹೋದಾಗ ಅವರ ಮಾತು ನಿಂತುಹೋಗಿತ್ತು. ಅಂಥ ಬಾಯಿ... ಸಂಕಟವಾಯ್ತು. ಸೆರಗಿನೊಳಗೆ ಅವರ ಕೈ ತಗೊಂಡು ಐದೂ ಬೆರಳು ಹಿಡಿದೆ. ಮೆಲ್ಲಗೆ ಕುಲುಕಿದರು. ವಾರದಲ್ಲೇ ಹೋಗಿಬಿಟ್ಟರು.

"ಅಜ್ಜೀ, ಯಾಕೆ ಅಳ್ತಿದ್ದೀಯ?" ಅಂತ ಮೊಮ್ಮಗಳು ಸೀರೆ ಎಳೆದಳು.

"ವಾಸನೆಗೆ," ಅಂದೆ.