ಖಾನಾಪುರದ ಹಾಜರಿ ಬೆಳಗಾವಿಗೆ ಹೋದದ್ದು

ಆ ಕಾರಕೂನನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸುವ ಮನಸ್ಸೂ ಇಲ್ಲ.

ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಅವ್ವ ಹದಿಮೂರು ವರ್ಷ ಮಣ್ಣು ಹೊತ್ತಳು. ಮಳೆ ಹಿಡಿದರೆ ಹಸಿ ಹಂಚು ಒಣಗುವುದಿಲ್ಲ, ಕೆಲಸ ನಿಲ್ಲುತ್ತದೆ. ಆಗ ಹಾಜರಿ ಬರೆಯುವ ಈ ಕಾರಕೂನ ಎಲ್ಲರ ಹೆಸರು ಹೊಡೆದುಹಾಕುತ್ತಿದ್ದ. ಮಳೆ ಬಿಟ್ಟ ಮೇಲೆ ಹೊಸ ಕಾರ್ಡು ಬರೆದು ಮತ್ತೆ ಒಳಗೆ ಬಿಡುತ್ತಿದ್ದ. ಹಾಗಾಗಿ ಕಾಗದದ ಮೇಲೆ ಅವ್ವ ಪ್ರತಿ ವರ್ಷವೂ ಹೊಸ ಆಳು.

ಎಂಬತ್ತರ ದಶಕ ಶುರುವಾದ ಹೊತ್ತಿಗೆ ಹಂಚು ಒತ್ತುವ ಯಂತ್ರಕ್ಕೆ ಸಿಕ್ಕು ಅವಳ ಬಲಗೈ ಜಜ್ಜಿಹೋಯಿತು. ಕೈಗೆ ಅರಿವೆ ಸುತ್ತಿಕೊಂಡು ಅವನ ಮೇಜಿನ ಮುಂದೆ ನಿಂತರೆ ತಲೆ ಎತ್ತದೆ ಹೇಳಿದ: "ಈಕಿ ನಾಕ್ ತಿಂಗಳಿನ ಆಳು. ಹಳೇ ಕಾರ್ಡ್ ಎಲ್ಲಾ ಗೆದ್ದಲ ತಿಂದಾವು. ಕಾಯಂ ಅಂತ ಯಾರ್ ಹೇಳಿದ್ರು? ಹೋಗ್, ಮನ್ಯಾಗ ಕುಂದರ್ ಹೋಗ್." ಪಕ್ಕದಲ್ಲಿ ನಿಂತಿದ್ದ ನಾನು ಅವ್ವನ ಎಡಗೈ ಹಿಡಿದು ಹೊರಗೆ ಕರೆತಂದೆ.

ಟೈಪಿಂಗ್ ಕಲಿತು, ಕೆಲವು ವರ್ಷಗಳಲ್ಲಿ ಅದೇ ಕಂಪನಿಯ ಬೆಳಗಾವಿ ಆಫೀಸಿಗೆ ಸೇರಿದೆ. ಅಲ್ಲಿಗೆ ಒಂದು ಕಂಪ್ಯೂಟರ್ ಬಂತು. ಅದರ ತಂಪು ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು, ದೇವರ ಕೋಣೆಗಿಂತ ಹೆಚ್ಚು ಮಡಿ! ಮ್ಯಾನೇಜರ್ ನಮ್ಮನ್ನೆಲ್ಲ ಕರೆದು, "ಖಾನಾಪುರದ ಹಾಜರಿ ಪೂರಾ ಈ ಮಷೀನಿಗೆ ಬರ್ಬೇಕು. ಅಲ್ಲಿ ಒಂದ್ ದಿನಾನೂ ಕೆಲಸ ನಿಲ್ಲಬಾರ್ದು. ಯಾರ್ ಮಾಡ್ತೀರಿ?" ಎಂದರು.

"ನಾ ಮಾಡ್ತೀನ್ರಿ ಸಾಹೇಬ್ರ," ಎಂದೆ, ಅವರ ಮಾತು ಮುಗಿಯುವುದರೊಳಗೆ.

ಮೊದಲು ಮ್ಯಾನೇಜರರ ಚೀಟಿ ತೋರಿಸಿ ಕಾರ್ಖಾನೆಯ ಅಟ್ಟ ತೆಗೆಸಿದೆ. ಹಳೆಯ ಕಾರ್ಡುಗಳೆಲ್ಲ ಕಟ್ಟು ಕಟ್ಟಾಗಿ ಕುಳಿತಿದ್ದವು. ಗೆದ್ದಲು ಮೂಸಿಯೂ ನೋಡಿರಲಿಲ್ಲ. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ವರ್ಷವರ್ಷ ಕಾರ್ಡು ಬದಲಿಸುತ್ತಿದ್ದ ಆ ಮೈಗಳ್ಳನಿಗೆ ಗೇಟಿನಲ್ಲಿ ತೋರಿಸುವ ಹಿತ್ತಾಳೆ ಬಿಲ್ಲೆಗಳನ್ನು ಬದಲಿಸಲು ಬೇಸರ. ಹೆಂಗಸರು ಮಳೆಗಾಲವಿಡೀ ಬಿಲ್ಲೆಯನ್ನು ಮನೆಯಲ್ಲಿಟ್ಟುಕೊಂಡು ಮತ್ತೆ ಅದನ್ನೇ ತರುತ್ತಿದ್ದರು. ಪ್ರತಿ ಕಾರ್ಡಿನ ಮೂಲೆಯಲ್ಲಿ ಬಿಲ್ಲೆಯ ನಂಬರನ್ನು ಅವನೇ ಬರೆದಿದ್ದ. ಅವ್ವನ ಹದಿಮೂರು ಕಾರ್ಡುಗಳ ಮೇಲೂ ಒಂದೇ ನಂಬರು.

"ಆಳಿಗೆ ಒಂದೇ ನಂಬರ್ ಇದ್ರ ಮಷೀನಿಗೆ ಸಲೀಸ್ರಿ," ಎಂದು ಮ್ಯಾನೇಜರರನ್ನು ಒಪ್ಪಿಸಿದೆ. ಬಿಲ್ಲೆಯ ನಂಬರಿನ ಮೇಲೆ, ಮನೆಗೆ ಕಳಿಸಿದ ಅವ್ವನಂಥವರದ್ದೂ ಸೇರಿ, ಎಲ್ಲರ ಕಾರ್ಡು ಕೂಡಿಸಿದೆವು. ಎರಡು ತಿಂಗಳು ಅಲ್ಲಿ ಕಾರ್ಡೂ ನಡೆಯಿತು, ಇಲ್ಲಿ ಮಷೀನೂ ನಡೆಯಿತು. ಪ್ರತಿ ಶನಿವಾರ ಅಚ್ಚಾದ ಪಟ್ಟಿ ಹಿಡಿದು ನಾನು ಖಾನಾಪುರದ ಬಸ್ಸು ಹತ್ತುತ್ತಿದ್ದೆ. ಎರಡನ್ನೂ ತಾಳೆ ನೋಡಿ ಪುಟಪುಟಕ್ಕೂ ಸಹಿ ಹಾಕುವುದು ಕಾರಕೂನನ ಕೆಲಸ.

"ನಿನ್ನ ಡಬ್ಬಿ ಕೆಟ್ಟು ಕುಂತ್ರ ನನ್ ಹತ್ರನ ಓಡಿ ಬರ್ತಿ, ನೋಡ್ತಿರು," ಎಂದು ನಗುತ್ತಿದ್ದ.

"ಬರ್ತೀನ್ರಿ ಕಾಕಾ. ಮೊದ್ಲ ಇಲ್ಲೊಂದ್ ಸಹಿ ಹಾಕ್ರಿ." ಅವನಿಗೆ ಚಹಾ ತರಿಸಿಕೊಡುತ್ತಿದ್ದೆ, ಸಕ್ಕರೆ ಜಾಸ್ತಿ ಹಾಕಿಸಿ. ಅವನು ಆ ವಾರದ ಹಾಜರಿಯಲ್ಲಿ ನನ್ನ ತಪ್ಪು ಹುಡುಕುತ್ತಿದ್ದ. ಪ್ರತಿ ಹೆಸರಿನ ಮುಂದೆ ಕೊನೆಯಲ್ಲಿದ್ದ, ಕೆಲಸಕ್ಕೆ ಸೇರಿದ ವರ್ಷದ ಕಡೆಗೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ.

ಒಂದು ಸೋಮವಾರ ಕಾರ್ಡು ನಿಂತು ಮಷೀನೇ ಹಾಜರಿ ಹಿಡಿಯಿತು. ಕಾರ್ಖಾನೆಯ ಕೆಲಸ ಒಂದು ಗಳಿಗೆಯೂ ತಡೆಯಲಿಲ್ಲ. ಮ್ಯಾನೇಜರ್ ಎಲ್ಲರೆದುರು ಶಾಬಾಶ್ ಅಂದರು. ಅದೇ ವಾರ ಸಹಿಯಾದ ಪಟ್ಟಿಯ ಇನ್ನೊಂದು ಪ್ರತಿ, ಕೂಲಿಕಾರರ ಮುಖಂಡನ ಕೈಯಿಂದ, ಕಾರ್ಮಿಕ ಅಧಿಕಾರಿಯ ಮೇಜಿಗೆ ಹೋಯಿತು. ಮಳೆಗೆ ಮಾಲೀಕರೇ ಕೆಲಸ ನಿಲ್ಲಿಸಿದರೆ ನೌಕರಿ ಕಡಿದ ಹಾಗಲ್ಲ, ಪೆಟ್ಟು ತಿಂದು ಮನೆ ಸೇರಿದವರೂ ಕಾಯಂ ಆಳುಗಳೇ ಎಂದರು ಆ ಅಧಿಕಾರಿ.

"ನಾ ಓದಿದ್ದಿಲ್ರಿ ಸಾಹೇಬ್ರ," ಎಂದು ಕಾರಕೂನ ಗೋಗರೆದ.

"ಸಹಿ ನಿಂದ ಹೌದಲ್ಲೋ?" ಎಂದು ಮ್ಯಾನೇಜರ್ ಗುಡುಗಿದರು. ಆಹಾ, ಆ ದಿನ ಉಂಡ ಅನ್ನದ ರುಚಿ ಇನ್ನೂ ನಾಲಗೆಯ ಮೇಲಿದೆ.

ಕಾಯಂ ಆದವರಿಗೆ ಹುಕುಂ ಹಂಚಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕೆಲಸ ಅವನಿಗೇ ಬಿತ್ತು. ಅವ್ವನ ಸರದಿ ಬಂದಾಗ, "ಎಡಗೈ ಕೊಡು," ಎಂದ.

"ಬಲಗೈ ಹಿಡೀರಿ," ಎಂದೆ.

"ಬಿಡ ಯವ್ವಾ, ಯಾವ್ದಾದ್ರೇನ್," ಅಂದಳು ಅವ್ವ. ನಾನು ಬಿಡಲಿಲ್ಲ. ಮುದುಡಿ ಅಂಟಿಕೊಂಡಿದ್ದ ಆ ಬೆರಳುಗಳನ್ನು ಅವನೇ ಒಂದೊಂದಾಗಿ ಬಿಡಿಸಿ, ಹೆಬ್ಬೆರಳಿಗೆ ಶಾಯಿ ಹಚ್ಚಿ, ಕಾಗದದ ಮೇಲೆ ಒತ್ತಿದ. ನೋವಿಗೆ ಅವ್ವ ತುಟಿ ಕಚ್ಚಿ ನನ್ನ ಮುಖ ನೋಡಿದಳು.

"ಮೂಡಿಲ್ರಿ ಕಾಕಾ, ಇನ್ನೊಮ್ಮೆ ಒತ್ರಿ," ಎಂದೆ.

ಮೂಡಿತ್ತು. ಮೊದಲ ಸಲವೇ ಚೆನ್ನಾಗಿ ಮೂಡಿತ್ತು.