ಕೊನೆಯ ಅರ್ಧ ಬೈಟ್

ಆ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕನ್ನಡಕದ ಗಾಜು ತಯಾರಿಸುವ ನಮ್ಮ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷದಿಂದ ಮೇನ್‌ಫ್ರೇಮ್ ಎಂಬ ಹಳೇ ದೊಡ್ಡ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು. ಬೆನ್ನ ಹಿಂದೆ ಎಲ್ಲರಿಗೂ ಗಂಟುಮೋರೆ ಅಕ್ಕ. ಯಂತ್ರದ ಕೋಣೆಯ ಚಳಿಗೆ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಬುತ್ತಿಯನ್ನು ನಿಂತೇ ತಿನ್ನುತ್ತಿದ್ದಳು. ಮನೆಯಲ್ಲಿ ತಂಗಿ ಹಾಸಿಗೆ ಹಿಡಿದಿದ್ದಳು. ದುಡಿಯುವ ಕೈ ಇವಳದೊಂದೇ. ನಿವೃತ್ತಿಗೆ ಇನ್ನು ಎಂಟು ತಿಂಗಳು. ಅಲ್ಲಿಯವರೆಗೆ ಕೆಲಸ ಉಳಿದರೆ ಸಾಕು ಎಂದು ಅವಳು ಹಲ್ಲುಕಚ್ಚಿಕೊಂಡಿರುವುದು ಇಡೀ ಕಾರ್ಖಾನೆಗೆ ಗೊತ್ತಿತ್ತು.

ನಾನು ಬಂದದ್ದು ಗಿರಾಕಿಗಳ ಕಣ್ಣಿನ ಪವರ್‌ಗಳನ್ನು ಆ ಯಂತ್ರದ ಫೈಲಿನಿಂದ ಜಾವಾ ಪ್ರೋಗ್ರಾಂ ಬರೆದು ಹೊಸ ಕಂಪ್ಯೂಟರಿಗೆ ತರಲು. ಕೂರಲು ಒಂದು ಕುರ್ಚಿ ಕೊಡಲಿಲ್ಲ ಪುಣ್ಯಾತ್ಗಿತ್ತಿ. ಮೂರು ವಾರ ನಿಲ್ಲಿಸಿಯೇ ಪಾಠ ಹೇಳಿದಳು. ಅಲ್ಲಿ ಅಂಕಿಗಳನ್ನು ಮಡಚಿಟ್ಟಿರುತ್ತಾರಂತೆ, ಒಂದು ಬೈಟಿಗೆ ಎರಡು. ಕೊನೆಯ ಅರ್ಧ ಬೈಟಿನಲ್ಲಿ ಮಾತ್ರ ಅಂಕಿಯಲ್ಲ, ಗುರುತು: ಸಿ ಇದ್ದರೆ ಪ್ಲಸ್, ಡಿ ಇದ್ದರೆ ಮೈನಸ್. ಮೈನಸ್ ಎರಡೂಮುಕ್ಕಾಲು ಅಲ್ಲಿ 275ಡಿ. ಈ ಮುದಿ ವಿದ್ಯೆ ನನಗೇಕೆ ಎಂದು ಒಳಗೇ ಉರಿಯುತ್ತ ತಲೆಯಾಡಿಸಿದೆ. ಪ್ರೋಗ್ರಾಂ ಬರೆಯುವಾಗ ಅಂಕಿಗಳನ್ನಷ್ಟೇ ಬಿಡಿಸಿದೆ. ಗುರುತು ನೋಡುವ ಸಾಲನ್ನು ಆಮೇಲೆ ಸೇರಿಸಿದರಾಯಿತು ಎಂದುಕೊಂಡವನು ಮರೆತೆ. ಪರೀಕ್ಷೆಗೆ ತೆಗೆದುಕೊಂಡ ಮೊದಲ ಇನ್ನೂರು ದಾಖಲೆಗಳೆಲ್ಲ ವಯಸ್ಸಾದವರ ಓದುವ ಕನ್ನಡಕದವು, ಎಲ್ಲವೂ ಪ್ಲಸ್. ಒಂದೂ ತಪ್ಪು ಕಾಣಲಿಲ್ಲ.

ಹೊಸ ಕಂಪ್ಯೂಟರ್ ಶುರುವಾದ ಹದಿನೈದು ದಿನದಲ್ಲಿ ಅರವತ್ತು ಜೋಡಿ ಗಾಜು ವಾಪಸು ಬಂದವು. ಮೈನಸ್ ಬೇಕಾದವರಿಗೆಲ್ಲ ಪ್ಲಸ್ ಗಾಜು ಹೋಗಿತ್ತು. ಮೇಷ್ಟ್ರೊಬ್ಬರು ಅದನ್ನು ಹಾಕಿಕೊಂಡು ಮೆಟ್ಟಿಲು ತಪ್ಪಿ ಕೈ ಮುರಿದುಕೊಂಡಿದ್ದರು. ಮ್ಯಾನೇಜರಿಗೆ ಯಾರದಾದರೂ ತಲೆ ಬೇಕಿತ್ತು. ಹಳೇ ಫೈಲೇ ಕೆಟ್ಟಿರಬೇಕು ಎಂದು ಅವರೇ ಶುರುಮಾಡಿದರು, ನಾನು ಇಲ್ಲವೆನ್ನಲಿಲ್ಲ.

ಅವಳನ್ನು ಕರೆಸಿದರು. ಫೈಲಿನ ಪ್ರಿಂಟ್ ತಂದು ಮೇಜಿನ ಮೇಲೆ ಹರಡಿ, ಒಂದೊಂದು ಡಿ ಕೆಳಗೂ ಪೆನ್ಸಿಲಿನಲ್ಲಿ ಗೀಟೆಳೆದಳು. ಮ್ಯಾನೇಜರಿಗೆ ಅದು ಕಬ್ಬಿಣದ ಕಡಲೆ. ಆ ಕಟ್ಟಡದಲ್ಲಿ ಅದನ್ನು ಓದಬಲ್ಲವರು ಇಬ್ಬರೇ ಇದ್ದೆವು. ಅವಳು ಹಾಳೆಯನ್ನು ನನ್ನತ್ತ ತಿರುಗಿಸಿದಳು.

"ನೀನೇ ಓದಿ ಹೇಳಪ್ಪ. ಇಲ್ಲಿ ಏನಿದೆ?"

ಅವಳು ನನ್ನನ್ನು ಅಪ್ಪ ಎಂದದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು. ಹೀಗೆ ಹೆದರಿಸಿದಳಲ್ಲ ಎಂದು ಅವಳ ಮೇಲೇ ಸಿಟ್ಟು ಬಂತು.

"ಸರಿಯಾಗಿ ಗೊತ್ತಾಗ್ತಿಲ್ಲ ಸರ್," ಎಂದೆ.

ಅವಳು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಹಾಳೆಗಳನ್ನು ಮಡಚಿದಳು. ಊಟದ ಹೊತ್ತಿಗೆ ಅವಳ ಲೆಕ್ಕ ಚುಕ್ತಾ ಮಾಡಿ ಗೇಟಿನಾಚೆ ಕಳಿಸಿದ್ದರು.

ಮಧ್ಯಾಹ್ನ ಕೂತು, ಬಿಟ್ಟುಹೋಗಿದ್ದ ಆ ಒಂದು ಸಾಲನ್ನು ಸೇರಿಸಿದೆ. ಮೂರು ಗಂಟೆಗೆಲ್ಲ ಪವರ್‌ಗಳು ಸರಿಬಂದವು. ಮ್ಯಾನೇಜರ್ ತಾವೇ ಚಹಾ ಹಿಡಿದುಕೊಂಡು ಬಂದರು.

"ಆಯಮ್ಮ ಕೆಡಿಸಿಟ್ಟಿದ್ದನ್ನ ಇಷ್ಟು ಬೇಗ ಹೇಗಪ್ಪ ಸರಿ ಮಾಡ್ದೆ?"

"ಅನುಭವ ಸರ್," ಎಂದೆ.